ಅಣ್ಣನ ರಿಪೋರ್ಟಿನಲ್ಲಿ 25 ಅಕ್ಷರ ಇಲ್ಲವಂತೆ, ನಾನೂ ಹೆದರಬೇಕಾ?

ಬಸವನಗುಡಿ ಬಾಬು:
ಹೃದಯದ ಜೀನ್ ಬಗ್ಗೆ ಕೆಲಸ ಮಾಡುವ ಲ್ಯಾಬಿನವರು ಈ ಆನ್‌ಲೈನ್ ಗುಂಪಿನಲ್ಲಿ ಇಬ್ಬರು ಮೂವರು ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮಪ್ಪ 46ನೇ ವಯಸ್ಸಿಗೆ ಹೋದರು. ಕಲಾಸಿಪಾಳ್ಯದಲ್ಲಿ ಬಸ್ಸು ಹಿಡಿಯಲು ಓಡಿದವರು ಅಲ್ಲೇ ಕುಸಿದರು. ಹಾರ್ಟ್ ಅಟ್ಯಾಕ್ ಅಂತ ಬರೆದುಕೊಟ್ಟರು, ಪೋಸ್ಟ್‌ಮಾರ್ಟಂ ಬೇಡ ಅಂತ ಮನೆಯವರೇ ಹೇಳಿದ್ದರು. ಈಗ ಅಣ್ಣನಿಗೆ 41. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತೆ ಅಂತ ಎಕೋ ಮಾಡಿಸಿದ, ಹೃದಯದ ಗೋಡೆ 17 ಮಿಲಿಮೀಟರ್ ದಪ್ಪ ಅಂತ ಬಂತು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಇವನು ಸುಮ್ನಿರಬೇಕಲ್ಲ, ಆನ್‌ಲೈನಲ್ಲಿ ಯಾವುದೋ ಕಂಪನಿಯ ಕಿಟ್ ತರಿಸಿ ಉಗುಳು ತುಂಬಿ ಕಳಿಸಿದ. ಎಂವೈಬಿಪಿಸಿ-3 ಅನ್ನೋ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿದೆ ಅಂತ ಕೆಂಪು ಬಣ್ಣದಲ್ಲಿ ಬಂತು, ಪಕ್ಕದಲ್ಲಿ 'ಹೆಚ್ಚಿನ ಅಪಾಯ'. ಭಯಕ್ಕೆ ನಾನೂ ತಂಗಿಯೂ ಅದೇ ಕಿಟ್ ತರಿಸಿದೆವು. ಇಬ್ಬರಿಗೂ ಅದೇ ಕೆಂಪು.

ತಂಗಿಗೆ ಆರು ವರ್ಷದ ಮಗಳಿದ್ದಾಳೆ. ರಾತ್ರಿಯೆಲ್ಲಾ ಮಗುವಿನ ಎದೆ ಮೇಲೆ ಕೈ ಇಟ್ಟುಕೊಂಡು ಮಲಗುತ್ತಾಳಂತೆ. ಅಮ್ಮ ದಿನಕ್ಕೆ ನಾಲ್ಕು ಸಲ 'ಎಲ್ಲ ನಿಮ್ಮಪ್ಪನ ವಂಶದ್ದು' ಅಂತಾರೆ. ಕಂಪನಿಗೆ ಫೋನ್ ಮಾಡಿದರೆ ಹೃದಯ ತಜ್ಞರನ್ನು ಕಾಣಿ ಅಂತ ಒಂದೇ ರಾಗ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಹಾಸನದ ಹೈದ:
ಅಣ್ಣಾ ಧೈರ್ಯವಾಗಿರಿ. 2025ರ ಜೂನ್ ಜುಲೈನಲ್ಲಿ ನಮ್ಮೂರಲ್ಲಿ ದಿನಾ ಬೆಳಗ್ಗೆ ಎದ್ದರೆ ಹಾರ್ಟ್ ಅಟ್ಯಾಕ್ ಸಾವಿನದ್ದೇ ಸುದ್ದಿ. ನಮ್ಮ ಬೀದಿಯವರು ಅರ್ಧ ಜನ ಬಸ್ಸು ಹತ್ತಿ ಮೈಸೂರು ಜಯದೇವದ ಮುಂದೆ ಕ್ಯೂ ನಿಂತಿದ್ದರು. ನಾನೂ ಹೋಗಿದ್ದೆ, ಇಸಿಜಿ ಸರಿ ಇದೆ, ಸಿಗರೇಟು ಬಿಡು ಅಂತ ಬೈದು ಕಳಿಸಿದರು. ಲ್ಯಾಬಿನವರೇ, ಅದಕ್ಕೂ ಈ ಜೀನಿಗೂ ಸಂಬಂಧ ಇದೆಯಾ?

ಪಿಪೆಟ್ ಪದ್ಮಾ:
ಬಾಬು ಸಾರ್, ನಾನು ಬಳ್ಳಾರಿ ರಸ್ತೆ ಕಡೆ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಿಮ್ಮ 25 ಅಕ್ಷರ ಇದೆಯಲ್ಲ, ಅದರ ಮುಖ ನೋಡದೆ ನನ್ನ ವಾರ ಮುಗಿಯುವುದಿಲ್ಲ. ಡಾಕ್ಟರ್ ಅಲ್ಲ ನಾನು, ಅದು ನೆನಪಿರಲಿ.

ಮೊದಲು ಒಂದು ಲೆಕ್ಕ. ಡಿಎನ್‌ಎ ಅಂದರೆ ಅಕ್ಷರಗಳ ಉದ್ದ ಸಾಲು ಅಂದುಕೊಳ್ಳಿ, ಅದರಲ್ಲಿ 25 ಬಿಟ್ಟುಹೋಗಿರುವ ಈ ಕೊರತೆ ದಕ್ಷಿಣ ಏಷ್ಯಾದವರಲ್ಲಿ ಸುಮಾರು 4% ಜನರಲ್ಲಿ ಇದೆ. ನಿಮ್ಮ ಅಣ್ಣನ ಕಾಯಿಲೆ, ಗೋಡೆ ದಪ್ಪವಾಗುವುದು, ಸುಮಾರು 500 ಜನರಲ್ಲಿ ಒಬ್ಬರಿಗೆ. ಅಂದರೆ 500 ಜನರನ್ನು ಒಂದು ಮದುವೆ ಮನೆಯಲ್ಲಿ ಕೂರಿಸಿದರೆ 20 ಜನಕ್ಕೆ ಕೊರತೆ, ಕಾಯಿಲೆ ಒಬ್ಬನಿಗೆ. ಕೊರತೆ ಇದ್ದವರಿಗೆಲ್ಲಾ ಕಾಯಿಲೆ ಬರುತ್ತೆ ಅನ್ನೋದಾದರೆ ಈ ಲೆಕ್ಕ ಕೂಡುವುದೇ ಇಲ್ಲ, ಅಲ್ವಾ?

ಇದನ್ನು ಕಣ್ಣಲ್ಲಿ ನೋಡಬಹುದು. ರಕ್ತ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಬರುತ್ತೆ. ಡಿಎನ್‌ಎ ತೆಗೆದು ಆ ಜಾಗವನ್ನಷ್ಟೇ ಪಿಸಿಆರ್‌ನಲ್ಲಿ ಕೋಟಿಗಟ್ಟಲೆ ನಕಲು ಮಾಡಿ, ಅಗರೋಸ್ ಜೆಲ್ ಮೇಲೆ ಓಡಿಸುತ್ತೇವೆ. ಜೆಲ್ ಅಂದರೆ ನೋಡೋಕೆ ಕಡಲೆಹಿಟ್ಟಿಲ್ಲದ ಹಲ್ವಾ ಥರ, ತೆಳ್ಳಗೆ, ಆ ಕಡೆ ಕಾಣುವ ಹಾಗೆ. ಕರೆಂಟು ಕೊಟ್ಟರೆ ಚಿಕ್ಕ ತುಂಡು ಮುಂದೆ ಓಡುತ್ತೆ, ದೊಡ್ಡದು ಹಿಂದೆ ಉಳಿಯುತ್ತೆ. ಮಾಮೂಲಿನವರಿಗೆ ಒಂದೇ ಗೆರೆ. ನಿಮ್ಮಂಥವರಿಗೆ ಸ್ವಲ್ಪ ಕೆಳಗೆ ಇನ್ನೊಂದು ಗೆರೆ, ಯಾಕಂದರೆ ಒಂದು ಪ್ರತಿ ಅಪ್ಪನಿಂದ ಬಂದಿದ್ದು, ಇನ್ನೊಂದು ಅಮ್ಮನಿಂದ, ಒಂದರಲ್ಲಿ 25 ಅಕ್ಷರ ಕಡಿಮೆ. ಮೊದಲ ಸಲ ನಾನು ನೋಡಿದಾಗ ಜೆಲ್ ಸರಿಯಾಗಿ ಓಡಿಲ್ಲ ಅಂದುಕೊಂಡು ಬಿಸಾಕಿ ಮತ್ತೆ ಮಾಡಿದ್ದೆ. ಮತ್ತೆ ಅದೇ ಎರಡು ಗೆರೆ. ಆಮೇಲೆ ಸೀನಿಯರ್ ಬಂದು ನಕ್ಕರು.

ಹೈದ, ನಿಮ್ಮ ಪ್ರಶ್ನೆ ಬೇರೆ. ಪೇಪರಿನಲ್ಲಿ ಬರುವ ಬಹುಪಾಲು ಹಾರ್ಟ್ ಅಟ್ಯಾಕ್ ರಕ್ತನಾಳ ಕಟ್ಟಿಕೊಂಡು ಆಗುವುದು. ಬಾಬು ಸಾರ್ ಅಣ್ಣನದು ಸ್ನಾಯುವಿನ ಕಾಯಿಲೆ. ಎರಡನ್ನೂ 'ಹಾರ್ಟ್ ಪ್ರಾಬ್ಲಂ' ಅಂತ ಒಂದೇ ಚೀಲಕ್ಕೆ ತುಂಬಿದರೆ ಎರಡೂ ಅರ್ಥವಾಗಲ್ಲ. ಸಿಗರೇಟು ಮಾತ್ರ ಬಿಡಿ.

ಕೋಡ್ ಕಿಟ್ಟಿ:
ಪದ್ಮಾ ಮೇಡಂ ಲ್ಯಾಬಿನಲ್ಲೇ ಕಂಪ್ಯೂಟರ್ ಮುಂದೆ ಕೂರುವವನು ನಾನು. ರಕ್ತ ಕಂಡರೆ ತಲೆ ಸುತ್ತುತ್ತೆ, ಅದಕ್ಕೇ ಈ ಕೆಲಸ.

ಈ 25 ಅಕ್ಷರದ ಕತೆಗೆ ಮೂರು ಅಧ್ಯಾಯ. 2009ರಲ್ಲಿ ನೇಚರ್ ಜೆನೆಟಿಕ್ಸ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಭಾರತದ ವಿಜ್ಞಾನಿಗಳೇ ಇದನ್ನು ಬರೆದರು. ಇದು ಇದ್ದವರಿಗೆ ಹೃದಯ ವೈಫಲ್ಯದ ಅಪಾಯ ಜಾಸ್ತಿ, ಭಾರತ ಉಪಖಂಡದಲ್ಲಿ ಕೋಟಿಗಟ್ಟಲೆ ಜನರಲ್ಲಿ ಇದೆ ಅಂತ. ದೊಡ್ಡ ಸುದ್ದಿಯಾಯಿತು. ಆಮೇಲೆ ಜನರಿಗೆ ಒಂದು ಪ್ರಶ್ನೆ ಬಂತು: ಹಾಗಾದರೆ ಇಷ್ಟೊಂದು ಜನ ಆರಾಮಾಗಿ ಓಡಾಡಿಕೊಂಡು ಇದ್ದಾರಲ್ಲ, ಹೇಗೆ? 2018ರಲ್ಲಿ ಗೊತ್ತಾಯಿತು, ಕೊರತೆ ಇರುವವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಅದೇ ಜೀನಿನಲ್ಲಿ ಇನ್ನೊಂದು ಬದಲಾವಣೆಯೂ ಇರುತ್ತೆ, ಅಂಥವರ ಹೃದಯ ಬೇರೆ ಥರ ಹಿಂಡುತ್ತೆ ಅಂತ. 2020ರಲ್ಲಿ ಇನ್ನೊಂದು ತಂಡ ಗೋಡೆ ದಪ್ಪವಾದ ರೋಗಿಗಳನ್ನೇ ಇಟ್ಟುಕೊಂಡು ನೋಡಿತು. ಅಪಾಯ ಈ ಕೊರತೆಯದ್ದಲ್ಲ, ಕೆಲವರಲ್ಲಿ ಇದರ ಜೊತೆಗೇ ಅದೇ ಜೀನಿನಲ್ಲಿ ಬರುವ ಮತ್ತೊಂದು ಒಂದಕ್ಷರದ ಬದಲಾವಣೆಯದ್ದು ಅಂತ ಹೇಳಿತು.

ಬಿಎಂಟಿಸಿ ಬಸ್ಸಲ್ಲಿ ಜೇಬು ಕತ್ತರಿಸಿದವನು ಇಳಿದು ಹೋದ, ಪಕ್ಕದ ಸೀಟಿನವನನ್ನು ಹಿಡಿದು ಬಾರಿಸಿದರು, ಹಾಗೆ. ಎಂವೈಬಿಪಿಸಿ-3 ಹನ್ನೊಂದನೇ ಕ್ರೋಮೋಸೋಮಿನಲ್ಲಿದೆ, ಕ್ರೋಮೋಸೋಮ್ ಅಂದರೆ ಡಿಎನ್‌ಎ ಸುತ್ತಿಟ್ಟ ಒಂದೊಂದು ಉಂಡೆ. ಅಕ್ಕಪಕ್ಕ ಇರುವ ಅಕ್ಷರಗಳು ತಲೆಮಾರುಗಟ್ಟಲೆ ಒಟ್ಟಿಗೇ ಇಳಿದು ಬರುತ್ತವೆ. ಒಂದನ್ನು ಕಂಡರೆ ಇನ್ನೊಂದು ಇರಬಹುದು, ಇಲ್ಲದೆಯೂ ಇರಬಹುದು.

ನಿಮ್ಮ ಕಿಟ್‌ನಂಥವು ಸಾಮಾನ್ಯವಾಗಿ ಇಡೀ ಜೀನ್ ಓದುವುದಿಲ್ಲ, ಮೊದಲೇ ಗುರುತು ಹಾಕಿದ ಜಾಗಗಳನ್ನು ಮಾತ್ರ ನೋಡುತ್ತವೆ. 25 ಅಕ್ಷರ ಇಲ್ಲ ಅಂತ ನೋಡಿತು, ಕೆಂಪು ಬಣ್ಣ ಬಳಿಯಿತು. ನಿಜವಾದ ಕಳ್ಳ ಬಸ್ಸಲ್ಲಿ ಇದ್ದನಾ ಅಂತ ನೋಡಿಲ್ಲ.

ಸಂಶಯದ ಸೀನಣ್ಣ:
ಎಲ್ಲ ಚೆನ್ನಾಗಿ ಹೇಳುತ್ತೀರಪ್ಪ. ಕೊನೆಗೆ ನಮ್ಮ ರಕ್ತ ಎಲ್ಲಿಗೆ ಹೋಗುತ್ತೆ? ಫಾರಿನ್ ಔಷಧಿ ಕಂಪನಿಗೆ ತಾನೇ? ನಮ್ಮ ಏರಿಯಾದಲ್ಲಿ ಕ್ಯಾಂಪ್ ಅಂತ ಬಂದು ಯಾರೋ ರಕ್ತ ತೆಗೆದುಕೊಂಡು ಹೋದರು, ಒಂದು ಬಿಸ್ಕತ್ತು, ಒಂದು ಫ್ರೂಟಿ. ಆಮೇಲೆ ಯಾರೂ ಪತ್ತೆ ಇಲ್ಲ, ರಿಸಲ್ಟೂ ಇಲ್ಲ.

ಮನೆಮನೆ ಮಂಜುಳಾ:
ಸೀನಣ್ಣ, ನಾನು ಇದೇ ತಂಡದಲ್ಲಿ ಮನೆ ಮನೆಗೆ ಹೋಗುವವಳು. ನೀವು ಹೇಳಿದ್ದು ತಪ್ಪು ಅನ್ನಲ್ಲ, ರಿಸಲ್ಟ್ ವಾಪಸ್ ಕೊಡದ ಅಧ್ಯಯನಗಳು ಇವೆ, ಎಷ್ಟೋ ಸಲ ಫಾರಂನಲ್ಲೇ ಹಾಗೆ ಬರೆದಿರುತ್ತೆ, ಆದರೆ ಅದನ್ನು ಕೂತು ಓದಿ ಹೇಳುವಷ್ಟು ತಾಳ್ಮೆ ಬಂದವರಿಗೆ ಇರಲ್ಲ. ನಾನು ಓದಿ ಹೇಳುತ್ತೇನೆ. ಓದಲು ಬಾರದವರಾದರೆ ಹೆಬ್ಬೆಟ್ಟು, ಮತ್ತು ನಮಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಎದುರಿಗಿರಲೇಬೇಕು. ಒಮ್ಮೆ ದೇವನಹಳ್ಳಿ ಕಡೆ ಒಬ್ಬ ಅಜ್ಜಿ ಎಲ್ಲ ಕೇಳಿಸಿಕೊಂಡು, 'ಎಷ್ಟು ರಕ್ತ?' ಅಂದರು. ಎರಡು ಚಮಚ ಅಜ್ಜಿ, ಅಂದೆ. 'ಚಹಾದ ಚಮಚಾನಾ, ಸಾರಿನ ಸೌಟಾ?' ಅಂದರು. ಅದಾದ ಮೇಲೆ ನಾನು ಖಾಲಿ ಟ್ಯೂಬ್ ತೋರಿಸಿಯೇ ಮಾತು ಶುರು ಮಾಡುತ್ತೇನೆ.

ಟ್ಯೂಬಿನ ಮೇಲೆ ಹೆಸರು ಇರಲ್ಲ, ನಂಬರು ಮಾತ್ರ. ಹೆಸರಿನ ಪಟ್ಟಿ ಬೇರೆ ಬೀರುವಿನಲ್ಲಿ, ಕಿಟ್ಟಿಗೂ ಸಿಗಲ್ಲ.

ಬಾಬು ಅವರೇ, ನಿಮಗೆ ಒಂದು ಕೆಲಸ. ಒಂದು ಹಾಳೆ ತಗೊಂಡು ವಂಶವೃಕ್ಷ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೆರೆ, ಪಕ್ಕದಲ್ಲಿ ವಯಸ್ಸು ಮತ್ತು ಹೇಗೆ ಹೋದರು. ಮುಖ್ಯವಾಗಿ ಕೊಟ್ಟ ಹೆಣ್ಣುಮಕ್ಕಳನ್ನು ಬಿಡಬೇಡಿ. ನಾನು ಹೋದ ಮನೆಗಳಲ್ಲಿ ಹತ್ತಕ್ಕೆ ಏಳು ಕಡೆ 'ನಾವು ಮೂವರು ಅಣ್ಣತಮ್ಮಂದಿರು' ಅಂತಾರೆ, ಒಂದು ಗಂಟೆ ಆದ ಮೇಲೆ ಕಾಫಿ ತಂದವರು ಬಾಗಿಲಲ್ಲಿ ನಿಂತು 'ಚಿಂತಾಮಣಿಗೆ ಕೊಟ್ಟ ಅತ್ತೆ ಇದ್ದರಲ್ಲ' ಅಂತ ನೆನಪು ಮಾಡುತ್ತಾರೆ. ಜೀನಿಗೆ ಗೋತ್ರ ಬದಲಾಗಿದ್ದು ಗೊತ್ತಾಗಲ್ಲ.

ಜಯನಗರ ನಾಲ್ಕನೇ ಬ್ಲಾಕ್:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ 68, ಎರಡು ಸ್ಟೆಂಟ್ ಆಗಿದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ನುಂಗುತ್ತೇನೆ. ಪಾರ್ಕಿನಲ್ಲಿ ವಾಕಿಂಗ್ ಗೆಳೆಯ 'ಅದು ಕೆಲವರ ಜೀನಿಗೆ ಒಗ್ಗಲ್ಲ, ಪರೀಕ್ಷೆ ಮಾಡಿಸು' ಅಂದ. ನಿಜವಾ, ಸುಮ್ನೆ ಹೆದರಿಸಿದನಾ?

ಪಿಪೆಟ್ ಪದ್ಮಾ:
ಅಂಕಲ್, ಅರ್ಧ ನಿಜ. ಆ ಮಾತ್ರೆ ಹೊಟ್ಟೆಗೆ ಹೋದಾಗ ಔಷಧಿ ಆಗಿರಲ್ಲ, ಲಿವರ್ ಅದನ್ನು ಔಷಧಿ ಮಾಡಬೇಕು. ಆ ಕೆಲಸದಲ್ಲಿ ಸಿವೈಪಿ2ಸಿ19 ಅನ್ನೋ ಕಿಣ್ವದ ಪಾಲು ದೊಡ್ಡದು. ಕೆಲವರಲ್ಲಿ ಅದರ ಜೀನ್ ಮಂದ, ಭಾರತೀಯರಲ್ಲಿ ಅಂಥವರು ಕಮ್ಮಿ ಏನಿಲ್ಲ. ಅಮೆರಿಕದ ಔಷಧ ಇಲಾಖೆ 2010ರಲ್ಲೇ ಅದರ ಮಾಹಿತಿ ಪತ್ರದಲ್ಲಿ ಎಚ್ಚರಿಕೆ ಹಾಕಿಸಿದೆ. ಆದರೆ ಬದಲಿ ಮಾತ್ರೆಗಳು ಇವೆ, ಯಾವುದು ಬೇಕು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಪಾರ್ಕಿನ ಮಾತು ಕೇಳಿ ಮಾತ್ರೆ ಮಾತ್ರ ನಿಲ್ಲಿಸಬೇಡಿ, ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ಕಷ್ಟ.

ಜಯನಗರ ನಾಲ್ಕನೇ ಬ್ಲಾಕ್:
ನಿಲ್ಲಿಸಿಲ್ಲಮ್ಮ. ಗೆಳೆಯನನ್ನು ನಿಲ್ಲಿಸುತ್ತೇನೆ.

ಹಾಸನದ ಹೈದ:
ಪದ್ಮಾ ಮೇಡಂ, ರಕ್ತನಾಳ ಕಟ್ಟಿಕೊಳ್ಳುವುದಕ್ಕೆ ಜೀನ್ ಇಲ್ವಾ ಹಾಗಾದರೆ? ಅಪ್ಪು ಸಾರ್ 46ಕ್ಕೆ ಹೋದಾಗ ಎಲ್ಲರೂ ಜೀನು ಜೀನು ಅಂದರು.

ಕೋಡ್ ಕಿಟ್ಟಿ:
2021ರ ಅಕ್ಟೋಬರ್ 29 ಯಾರಿಗೆ ಮರೆಯುತ್ತೆ. ಮರುದಿನ ನಮ್ಮ ಲ್ಯಾಬಿನಲ್ಲಿ ಯಾರೂ ಕೆಲಸ ಮಾಡಲಿಲ್ಲ, ಸೆಕ್ಯೂರಿಟಿ ಅಣ್ಣ ಗೇಟಿನಲ್ಲೇ ಫೋಟೊ ಇಟ್ಟು ದೀಪ ಹಚ್ಚಿದ್ದರು. ಅವರಿಗೆ ಏನಾಗಿತ್ತು ಅಂತ ಹೊರಗಿನವರು ಹೇಳುವುದು ತರವಲ್ಲ, ನಾನೂ ಹೇಳಲ್ಲ.

ನಿಮ್ಮ ಪ್ರಶ್ನೆಗೆ: ಇದೆ, ಆದರೆ ಒಂದೇ ಜೀನ್ ಅಲ್ಲ. 2007ರಲ್ಲಿ ಒಂಬತ್ತನೇ ಕ್ರೋಮೋಸೋಮಿನಲ್ಲಿ 9ಪಿ21 ಅನ್ನೋ ಜಾಗ ಸಿಕ್ಕಿತು, ಹಾರ್ಟ್ ಅಟ್ಯಾಕ್ ಆದವರಲ್ಲಿ ಅದು ಸ್ವಲ್ಪ ಜಾಸ್ತಿ. ಅಲ್ಲಿಂದ ಇಲ್ಲಿವರೆಗೆ ನೂರಾರು ಜಾಗ ಸಿಕ್ಕಿವೆ, ಒಂದೊಂದೂ ಸಾಸಿವೆ ಕಾಳಿನಷ್ಟು ಅಪಾಯ. 2018ರಲ್ಲಿ ಒಂದು ತಂಡ ಇನ್ನೂ ಸಣ್ಣಪುಟ್ಟವನ್ನೂ ಸೇರಿಸಿ 66 ಲಕ್ಷ ಜಾಗಗಳನ್ನು ಕೂಡಿಸಿ ಅಪಾಯದ ಒಂದು ಅಂಕ ಮಾಡಿತು. ಅದನ್ನು ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನೋ ಆರೋಗ್ಯ ಮಾಹಿತಿ ಭಂಡಾರದ ಜನರ ಮೇಲೆ ಪರೀಕ್ಷಿಸಿದರು. ಅಲ್ಲಿರುವ ಐದು ಲಕ್ಷ ಜನರಲ್ಲಿ ಬಹುತೇಕ ಎಲ್ಲರೂ ಬಿಳಿಯರು. ಅದೇ ಅಂಕವನ್ನು ಹಾಗ್ಹಾಗೇ ಅರಸೀಕೆರೆಯವರ ಮೇಲೆ ಹಾಕಿದರೆ ಅಳತೆ ತಪ್ಪುತ್ತೆ. ಬೇರೆಯವರ ಮೈಗೆ ಹೊಲಿದ ಷರ್ಟು.

ಸೀನಣ್ಣನಿಗೂ ಇಲ್ಲೇ ಹೇಳಿಬಿಡುತ್ತೇನೆ. ಈ ಷರ್ಟಿನ ತಾಪತ್ರಯಕ್ಕೇ ನಮ್ಮ ರಕ್ತ ಬೇಕು. ಜೀನೋಮ್ ಇಂಡಿಯಾ ಅಂತ ಕೇಂದ್ರ ಸರ್ಕಾರದ ಯೋಜನೆ, 2020ರಲ್ಲಿ ಶುರು. ಮುಂದಾಳತ್ವ ನಮ್ಮ ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ್ದು, ಒಟ್ಟು 20 ಸಂಸ್ಥೆಗಳು, ಹತ್ತು ಸಾವಿರ ಜನರ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಎಲ್ಲ ಅಕ್ಷರ, ಓದುವ ಗುರಿ. ಮಾಹಿತಿ ಫರೀದಾಬಾದಿನ ಸರ್ಕಾರಿ ಭಂಡಾರದಲ್ಲಿದೆ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದರು. ಬೇಕು ಅಂದವರು ಅರ್ಜಿ ಹಾಕಿ ಪಡೆಯಬೇಕು.

ಸಂಶಯದ ಸೀನಣ್ಣ:
ಸರಿ, ಅರ್ಧ ಒಪ್ಪಿದೆ. ಆದರೆ ಜಾತಿ ಯಾಕೆ ಕೇಳುತ್ತೀರಿ? ಆ ಕ್ಯಾಂಪಿನಲ್ಲಿ ಮೊದಲ ಪ್ರಶ್ನೆಯೇ ಅದು. ನಮ್ಮಲ್ಲಿ ಜಾತಿ ಕೇಳಿದವರಿಗೆಲ್ಲಾ ರಕ್ತ ಕೊಡುವ ರೂಢಿ ಇಲ್ಲ.

ಮನೆಮನೆ ಮಂಜುಳಾ:
ನನಗೂ ಆ ಪ್ರಶ್ನೆ ಕೇಳುವಾಗ ಗಂಟಲು ಒಣಗುತ್ತೆ. ಕಾರಣ ಮಾತ್ರ ಗಟ್ಟಿಯಾದ್ದು. ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾದರೆ ಹಿಂದಿನ ಯಾರೋ ಒಬ್ಬರಲ್ಲಿದ್ದ ಬದಲಾವಣೆ ಆ ಗುಂಪಿನಲ್ಲೇ ದಟ್ಟವಾಗುತ್ತೆ. ವೈಶ್ಯ ಸಮುದಾಯದ ಉದಾಹರಣೆ ಡಾಕ್ಟರುಗಳಿಗೆಲ್ಲಾ ಗೊತ್ತು, ಅವರಲ್ಲಿ ಕೆಲವರಿಗೆ ಅರಿವಳಿಕೆಯಲ್ಲಿ ಬಳಸುವ ಒಂದು ಔಷಧಿ ಬೇಗ ಇಳಿಯುವುದಿಲ್ಲ, ಉಸಿರಾಟಕ್ಕೆ ತೊಂದರೆ. ಆಪರೇಷನ್ನಿಗೆ ಮುಂಚೆ ಗೊತ್ತಿದ್ದರೆ ಔಷಧಿ ಬದಲಿಸುತ್ತಾರೆ, ಅಷ್ಟೇ, ಜೀವ ಉಳಿಯುತ್ತೆ. ಅದಕ್ಕೆ ಕೇಳುತ್ತೇವೆ. ಆದರೆ ಮೊದಲ ಪ್ರಶ್ನೆಯಾಗಿ ಕೇಳುವುದು ತಪ್ಪು, ಯಾಕೆ ಅಂತ ಹೇಳದೆ ಕೇಳುವುದು ಇನ್ನೂ ತಪ್ಪು. ಹೇಳಲ್ಲ ಅಂದರೆ ಹೇಳಲ್ಲ, ನಾನು ಆ ಜಾಗ ಖಾಲಿ ಬಿಡುತ್ತೇನೆ. ಕಿಟ್ಟಿ ಬೈದುಕೊಳ್ಳುತ್ತಾನೆ.

ಕೋಡ್ ಕಿಟ್ಟಿ:
ಬೈದುಕೊಳ್ಳುತ್ತೇನೆ, ಹೌದು.

ಬಸವನಗುಡಿ ಬಾಬು:
ಎರಡು ವಾರ ಆಯಿತು, ಈಗ ಬರೆಯಲು ಪುರುಸೊತ್ತಾಯಿತು. ಮಂಜುಳಾ ಅವರೇ, ನೀವು ಹೇಳಿದ ಹಾಗೆ ಹಾಳೆ ಹಿಡಿದು ಕೂತೆ. ಅಪ್ಪನ ಕಡೆ ಇಬ್ಬರು ತಮ್ಮಂದಿರು ಅಂತ ಬರೆದೆ, ಇಬ್ಬರೂ ಗಟ್ಟಿಯಾಗಿದ್ದಾರೆ. ಅಮ್ಮ ಹುರುಳಿಕಾಯಿ ಬಿಡಿಸುತ್ತಾ 'ಮದ್ದೂರಿನ ಸರೋಜತ್ತೆ?' ಅಂದರು. ನನಗೆ ಆ ಅತ್ತೆ ಮುಖವೇ ನೆನಪಿಲ್ಲ. 50 ದಾಟಿರಲಿಲ್ಲ, ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಹೋದರು ಅಂತಲೇ ಇಷ್ಟು ವರ್ಷ ನಮ್ಮನೇಲಿ ಹೇಳಿಕೊಂಡು ಬಂದಿದ್ದು. ಮದ್ದೂರಿಗೆ ಫೋನ್ ಮಾಡಿದೆ. ಅವರ ಮಗ ಹೇಳಿದ, ನೆಲ ಒಣಗಿತ್ತಂತೆ. ಅದಕ್ಕೆ ಮುಂಚೆ ಎರಡು ಸಲ ತಲೆ ಸುತ್ತಿ ಬಿದ್ದಿದ್ದರಂತೆ, ಬಿಸಿಲು ಅಂದುಕೊಂಡಿದ್ದರಂತೆ. ನಾನು ಫೋನ್ ಹಿಡಿದುಕೊಂಡು ಸುಮಾರು ಹೊತ್ತು ಸುಮ್ನೆ ನಿಂತಿದ್ದೆ. ಆ ಹುಡುಗನಿಗೆ 30, ಕಬಡ್ಡಿ ಆಡುತ್ತಾನೆ.

ಪಿಪೆಟ್ ಪದ್ಮಾ:
ಸಾರ್, ಅವನು ಆಟಕ್ಕೆ ಇಳಿಯುವ ಮುಂಚೆ ಇಸಿಜಿ, ಎಕೋ ಎರಡೂ ಆಗಬೇಕು. ಇವತ್ತೇ ಹೇಳಿ. ಇದು ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಇಳಿಯುವ ಕಾಯಿಲೆ, ಗಂಡು ಹೆಣ್ಣು ಅಂತ ಭೇದ ಇಲ್ಲ. ನೀವು, ತಂಗಿ ಮಾಡಿಸಿದಿರಾ? ಮತ್ತೆ ಅಣ್ಣನ ಮಕ್ಕಳು?

ಬಸವನಗುಡಿ ಬಾಬು:
ಹೇಳಿದೆ. ಮಂಡ್ಯದಲ್ಲಿ ಎಕೋ ಮಾಡಿಸಿದ, 14 ಮಿಲಿಮೀಟರ್. ಮನೆಯಲ್ಲಿ ಇಂಥವರಿದ್ದರೆ 13 ಮುಟ್ಟಿದರೂ ಕಾಯಿಲೆ ಅಂತಲೇ ನೋಡುತ್ತಾರಂತೆ. ಆಟ ನಿಲ್ಲಿಸಿದ್ದಾನೆ, ಬೆಂಗಳೂರಿಗೆ ಬರುತ್ತಾನೆ. ನನ್ನದು, ತಂಗಿಯದು ಮಾಮೂಲು, ಆದರೂ ಆಗಾಗ ಮಾಡಿಸುತ್ತಿರಬೇಕು ಅಂತ ಆಗ ಹೇಳಿದ್ದರು. ಅಣ್ಣನ ಮಗನಿಗೆ ಈಗ ಸರಿ ಇದೆ, ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ ನೋಡಬೇಕು ಅಂದರು.

ಅಣ್ಣನಿಗೆ ಆಸ್ಪತ್ರೆಯಲ್ಲೇ ರಕ್ತ ತೆಗೆದು ಸ್ನಾಯು ಕಾಯಿಲೆಯ ಜೀನುಗಳನ್ನೆಲ್ಲಾ ಪೂರ್ತಿ ಓದಿಸಿದರು. ಕಾಯಿಲೆ ತಂದ ಬದಲಾವಣೆ ಬೇರೆ ಜೀನಿನಲ್ಲಿ ಸಿಕ್ಕಿತು. ಮದ್ದೂರಿನವನಲ್ಲೂ ಅದೇ ಇದೆಯಾ ಅಂತ ಈಗ ಆ ಒಂದು ಜಾಗ ಮಾತ್ರ ನೋಡುತ್ತಾರಂತೆ. ನಮ್ಮಿಬ್ಬರಲ್ಲಿ ಅದು ಇಲ್ಲ. ತಂಗಿಗೆ ಹೇಳಿದಾಗ ಫೋನಿನಲ್ಲಿ ಅತ್ತಳು, ಆಮೇಲೆ ಮಗಳು ಎಲ್ಲೋ ಮಂಚದಿಂದ ಹಾರಿದಳು ಅಂತ ಬೈಯಲು ಓಡಿದಳು.

ಇನ್ನೊಂದು ವಿಷಯ. ಆ 25 ಅಕ್ಷರ ಅಪ್ಪನ ಕಡೆಯಿಂದ ಬಂದಿದ್ದಲ್ಲ. ಅಮ್ಮನದ್ದೂ ಪರೀಕ್ಷೆ ಆಯಿತು, ಬಂದಿದ್ದು ಅವರಿಂದಲೇ. ಅವರಿಗೆ 71, ಬಿಪಿ ಇಲ್ಲ, ಶುಗರ್ ಇಲ್ಲ, ಬುಲ್ ಟೆಂಪಲ್ ಮೆಟ್ಟಿಲು ನನಗಿಂತ ಮುಂಚೆ ಹತ್ತುತ್ತಾರೆ. ಎಕೋ ನೋಡಿ ಡಾಕ್ಟರೇ ಬೆರಗಾದರು. 'ಅಂದರೆ ಇಷ್ಟು ದಿನ ನಾನು ಬೈದಿದ್ದು?' ಅಂತ ಒಂದು ದಿನ ಊಟ ಬಿಟ್ಟು ಕೂತಿದ್ದರು. ಕಿಟ್ಟಿ ಹೇಳಿದ ಬಸ್ಸಿನ ಪಕ್ಕದ ಸೀಟಿನವನ ಕತೆ ಹೇಳಿದ ಮೇಲೆ ಸಮಾಧಾನವಾಯಿತು.

ಕೋಡ್ ಕಿಟ್ಟಿ:
ಸಾರ್ ಒಂದು ನಿಮಿಷ. 71 ವರ್ಷ, ಕೊರತೆ ಇದೆ, ಹೃದಯ ಚೆನ್ನಾಗಿದೆ? ಇಂಥವರನ್ನು ಹುಡುಕಿಕೊಂಡು ನಾವು ಊರೂರು ಅಲೆಯುತ್ತೇವೆ. ಕಾಯಿಲೆಯವರು ತಾವಾಗಿ ಆಸ್ಪತ್ರೆಗೆ ಬರುತ್ತಾರೆ, ಆರಾಮಾಗಿರುವ ಅಜ್ಜಿಯರು ಯಾರೂ ಬರಲ್ಲ. ಅದಕ್ಕೇ ಲೆಕ್ಕ ಯಾವಾಗಲೂ ಒಂದು ಕಡೆ ವಾಲುತ್ತೆ. ಅಮ್ಮ ಎರಡು ಚಮಚ ರಕ್ತ ಕೊಡುತ್ತಾರಾ ಕೇಳಿ.

ಪಿಪೆಟ್ ಪದ್ಮಾ:
ಬಂದರೆ ನಾನು ಅವರಿಗೆ ತಟ್ಟೆಯಲ್ಲಿ ಮಿಡಿಯುವ ಜೀವಕೋಶ ತೋರಿಸುತ್ತೇನೆ. ರಕ್ತದ ಕಣವನ್ನು ಹಿಂದಕ್ಕೆ ತಿರುಗಿಸಿ ಕಾಂಡಕೋಶ, ಅಂದರೆ ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲಕೋಶ ಮಾಡಿ, ಅದರಿಂದ ಹೃದಯದ ಕೋಶ ಬೆಳೆಸುತ್ತೇವೆ. ಹತ್ತು ದಿನದ ಆಸುಪಾಸು ತಾನಾಗಿ ಮಿಡಿಯಲು ಶುರುವಾಗುತ್ತೆ. ಕಸ ಗುಡಿಸುವ ಅಕ್ಕ ಮೈಕ್ರೋಸ್ಕೋಪಿನಲ್ಲಿ ನೋಡಿ, 'ಇದಕ್ಕೆ ಹಸಿವಾಗಲ್ವಾ?' ಅಂದಿದ್ದರು. ಆಗುತ್ತೆ, ಭಾನುವಾರವೂ ಬಂದು ಊಟ ಹಾಕಬೇಕು.

ಸಂಶಯದ ಸೀನಣ್ಣ:
ಬಿಸ್ಕತ್ತು ಫ್ರೂಟಿ ಮಾತ್ರ ಕೊಡಬೇಡಿ ಪಾಪ.

ಬಸವನಗುಡಿ ಬಾಬು:
ಕೇಳಿದೆ. ಒಪ್ಪಿದ್ದಾರೆ. ಗುರುವಾರ ಬೇಡವಂತೆ, ರಾಯರ ಮಠಕ್ಕೆ ಹೋಗಬೇಕು. ಏಕಾದಶಿ ದಿನವೂ ಬೇಡ. ಜಾತಿ ಕೇಳಿದರೆ ಹೇಳುತ್ತಾರಂತೆ, ವಯಸ್ಸು ಮಾತ್ರ ಎಲ್ಲರ ಮುಂದೆ ಕೂಗಿ ಓದಬಾರದು. ಮಂಜುಳಾ ಅವರೇ, ನಿಮ್ಮ ನಂಬರ್ ಮೆಸೇಜಿನಲ್ಲಿ ಕಳಿಸಿ.

ಮನೆಮನೆ ಮಂಜುಳಾ:
ಕಳಿಸಿದೆ. ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ನಾನೇ ಬರುತ್ತೇನೆ, ಅವರು ಅಷ್ಟು ದೂರ ಬರುವುದು ಬೇಡ. ತಿಂಡಿ ತಿಂದಿದ್ದರೂ ಪರವಾಗಿಲ್ಲ, ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಆ ಹಾಳೆ ಎತ್ತಿಟ್ಟಿರಿ, ಅಮ್ಮನ ಕಡೆಯವರದ್ದೂ ಬರೆಯಬೇಕು.